ಮುಚ್ಚದೆ ಉಳಿದ ಬಾವಿ

ಮೊನ್ನೆ ನಮ್ಮ ಅಂಗನವಾಡಿಯ ಮುಂದಿನ ಬೇವಿನ ಮರದ ಕೊಂಬೆಗಳನ್ನು ಲೈನ್‌ಮನ್‌ಗಳು ಕಡಿದು ಹಾಕಿ ಹೋದರು. ಮಳೆಗಾಲಕ್ಕೆ ಮುಂಚೆ, ತಂತಿಗೆ ತಾಗುತ್ತವೆಂದು ಪ್ರತಿ ವರ್ಷವೂ ಕಡಿಯುತ್ತಾರೆ. ಮಧ್ಯಾಹ್ನ ಮಕ್ಕಳನ್ನು ಮಲಗಿಸಿ ಹೊರಗೆ ಬಂದಾಗ ಸೊಪ್ಪು ಬಿಸಿಲಿಗೆ ಬಾಡಿತ್ತು, ಅಂಗಳದ ತುಂಬ ಅದರ ಕಹಿ ವಾಸನೆ ಹರಡಿತ್ತು. ರಾಗಿ ಚೀಲದೊಳಗೆ ಇಡಲು ಬರುತ್ತದೆಂದು ಸಹಾಯಕಿ ಒಂದು ಹೊರೆ ಕಟ್ಟಿಕೊಂಡಳು. ನಾನು ಪೊರಕೆ ಹಿಡಿದು ನಿಂತೇ ಇದ್ದೆ... ಬೇವಿನ ಸೊಪ್ಪು ರಾಶಿ ಬಿದ್ದಿರುವುದನ್ನು ಕಂಡರೆ ನನಗೆ ಭಾವ ನೆನಪಾಗುತ್ತಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅಗ್ನಿಶಾಮಕ ಠಾಣೆಯಲ್ಲಿ ಕೆಲಸಕ್ಕಿದ್ದರು. ಹುಟ್ಟಿದ್ದು ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯಲ್ಲಿ. ಅವರ ತಂದೆ ಬಾವಿ ತೋಡುವ ಕೆಲಸ ಮಾಡುತ್ತಿದ್ದವರು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಅವಸರವಾದಾಗ ಎರಡೂ ಬೆರೆತು ಬರುತ್ತಿದ್ದವು. ಕರೆ ಬಂದು ಠಾಣೆಯ ಗಂಟೆ ಬಾರಿಸಿದರೆ ಅವರು ಜೊತೆಯವರಿಗೆ ಹೇಳುತ್ತಿದ್ದುದು ‘ಪದ, ಪದ’ ಎಂದೇ. ನಡೀರಿ ಎಂದು ಅದರರ್ಥ. ಜೊತೆಯವರು ಅವರಿಗೆ ‘ಪದ ಸಾಹೇಬ್ರು’ ಎಂದು ಹೆಸರಿಟ್ಟಿದ್ದರು.

ಮದುವೆಯ ದಿನ ನಮ್ಮ ಸೋದರತ್ತೆ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ, ‘ಬೆಂಕಿ ಆರ್ಸೋನ್ಗೆ ಹುಡ್ಗೀನ ಕೊಟ್ಟವ್ರೆ, ಇನ್ನ ಇವ್ಳ ಮನೇಲಿ ಒಲೆ ಹತ್ತಿದಂಗೇ ಬುಡು’ ಅಂದಿದ್ದರು. ಭಾವ ಎಲೆಯಿಂದ ತಲೆ ಎತ್ತಲಿಲ್ಲ. ‘ಹತ್ಸೋದು ಅವ್ಳ ಡ್ಯೂಟಿ ಅತ್ತೆ, ಆರ್ಸೋದು ನನ್ ಡ್ಯೂಟಿ. ಮಧ್ಯದಲ್ಲಿ ಊಟ ಆಗೋಯ್ತದೆ ಬುಡಿ’ ಅಂದರು. ಅತ್ತೆಗೇ ನಗು ತಡೆಯಲಾಗಲಿಲ್ಲ. ನಾದಿನಿಯಾದ ನನಗೆ ಅಂದಿನಿಂದ ಅವರ ಹತ್ತಿರ ಮಾತಿಗೆ ಮಾತು ಕೊಡುವ ಸಲಿಗೆ ಬಂತು.

ಮಧುಗಿರಿಯಲ್ಲಿ ಅವರ ಬಾಡಿಗೆ ಮನೆ ನಮ್ಮ ಬೀದಿಯಲ್ಲೇ ಇತ್ತು. ಬೇಸಿಗೆ ಬಂದರೆ ಅವರ ಮುಖ ಕಾಣುವುದೇ ಅಪರೂಪವಾಗುತ್ತಿತ್ತು. ಒಂದು ದಿನ ಕೊರಟಗೆರೆ ಕಡೆ ಹುಲ್ಲಿನ ಬಣವೆಗೆ ಬೆಂಕಿ, ಮರುದಿನ ಬೆಟ್ಟದ ಮೇಲಿನ ಒಣಹುಲ್ಲಿಗೆ ಬೆಂಕಿ. ಶಿರಾದ ಎಣ್ಣೆ ಮಿಲ್ಲೊಂದರಲ್ಲಿ ಬೆಂಕಿ ಎದ್ದಾಗ ಇಲ್ಲಿಂದಲೂ ಗಾಡಿ ಹೋಗಿತ್ತು. ಬೆಂಕಿ ಇಲ್ಲದ ದಿನ ಬಾವಿಗೆ ಬಿದ್ದ ದನ. ಒಮ್ಮೆ ಕುಂಟುತ್ತಾ ಮನೆಗೆ ಬಂದರು. ಏನಾಯಿತು ಎಂದು ಅಕ್ಕ ಗಾಬರಿಯಾಗಿ ಕೇಳಿದರೆ, ಬಾವಿಯಿಂದ ಎತ್ತಿದ ಹಸು ನೆಲದ ಮೇಲೆ ಕಾಲೂರಿದ ಕೂಡಲೇ ಅವರ ಮೊಳಕಾಲಿಗೇ ಒದ್ದು ಓಡಿತಂತೆ. ‘ಥ್ಯಾಂಕ್ಸ್ ಹೇಳ್ತು ಕಣಮ್ಮ, ಅದಕ್ಕೆ ಬಾಯಿ ಬರಲ್ವಲ್ಲ’ ಅಂದರು. ಅಕ್ಕ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಾ ಆ ಹಸುವನ್ನು ಬೈದದ್ದು ನನಗೆ ಈಗಲೂ ಕೇಳಿಸುತ್ತದೆ.

ನನ್ನ ಅಂಗನವಾಡಿಗೂ ಬರುತ್ತಿದ್ದರು. ಮೈಗೆ ಬೆಂಕಿ ತಗುಲಿದರೆ ಓಡಬಾರದು, ನೆಲದ ಮೇಲೆ ಉರುಳಬೇಕು ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದರು. ಹೇಳಿಕೊಡುವುದೆಂದರೆ ಇಸ್ತ್ರಿ ಮಾಡಿದ ಖಾಕಿ ಬಟ್ಟೆಯಲ್ಲಿ ತಾವೇ ಚಾಪೆಯ ಈ ತುದಿಯಿಂದ ಆ ತುದಿಗೆ ಉರುಳಿದ್ದರು. ಅಂದಿನಿಂದ ಮಕ್ಕಳು ಅವರನ್ನು ಬೀದಿಯಲ್ಲಿ ಕಂಡರೂ ಸಾಕು, ಧೂಳೆನ್ನದೆ ಬಿದ್ದು ಉರುಳುತ್ತಿದ್ದವು. ತಾಯಂದಿರು ನನ್ನ ಬಳಿ ಬಂದು ದೂರುತ್ತಿದ್ದರು. ನಾನು ಹೋಗಿ ಭಾವನಿಗೆ ದೂರಿದರೆ, ‘ಉರುಳಲಿ ಬುಡಮ್ಮ ಟೀಚ್ರಮ್ಮ, ಬಟ್ಟೆ ಒಗೆದ್ರೆ ಹೋಯ್ತದೆ’ ಅನ್ನುತ್ತಿದ್ದರು.

ಬೇವಿನ ಸೊಪ್ಪಿನ ವಿಷಯ ಹೇಳಿದೆನಲ್ಲ. ನಮ್ಮ ಕಡೆ ಹಳೆಯ ಬಾವಿಗಳಲ್ಲಿ ಕೆಟ್ಟ ಗಾಳಿ ತುಂಬಿಕೊಂಡಿರುತ್ತದೆ. ಕಾಣುವುದಿಲ್ಲ. ಇಳಿದವರು ಇಳಿದ ಹಾಗೆಯೇ ಕುಸಿಯುತ್ತಾರೆ. ಹಿಂದೆ ಬಾವಿ ತೋಡುವವರು ಬೇವಿನ ಕೊಂಬೆಗಳ ದೊಡ್ಡ ಕಂತೆಯನ್ನು ಹಗ್ಗಕ್ಕೆ ಕಟ್ಟಿ, ಬಾವಿಯೊಳಗೆ ಮೇಲೆ ಕೆಳಗೆ ಆಡಿಸಿ ಗಾಳಿ ಕದಡಿದ ಮೇಲೆಯೇ ಇಳಿಯುತ್ತಿದ್ದರಂತೆ. ಭಾವ ಇದನ್ನು ತಂದೆಯಿಂದ ಕಲಿತಿದ್ದರು. ಠಾಣೆಯಲ್ಲಿ ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರು, ಮುಖಕ್ಕೆ ಹಾಕುವ ಮಾಸ್ಕು ಎಲ್ಲ ಇದ್ದರೂ, ಬಾವಿಯ ಹತ್ತಿರ ಗಾಡಿ ನಿಂತ ಕೂಡಲೇ ಅವರು ದಡದ ಮೇಲಿನ ಜನರಿಗೆ ಹೇಳುವ ಮೊದಲ ಮಾತು, ಬೇವಿನ ಕೊಂಬೆ ಕಡಿದು ತನ್ನಿ ಎಂಬುದು.

ಸಿಲಿಂಡರ್ ಇರುವಾಗ ಸೊಪ್ಪು ಏಕೆ ಎಂದು ನಾನು ಒಮ್ಮೆ ಕೇಳಿದ್ದೆ. ಸೊಪ್ಪಿನಿಂದ ಬರುವ ಗಾಳಿ ಅಷ್ಟರಲ್ಲೇ ಇದೆ ಎಂದು ಅವರೇ ಒಪ್ಪಿಕೊಂಡರು. ಆಮೇಲೆ, ‘ಒಳಗೆ ಬಿದ್ದಿರೋನು ಒಬ್ಬ. ಅವ್ನ ಅಣ್ಣನೋ ತಮ್ಮನೋ ದಡದ ಮೇಲೆ ಇರ್ತಾನೆ. ನಾವು ಮಾಸ್ಕ್ ಹಾಕ್ಕಳೋ ಹೊತ್ಗೆ ಅವ್ನು ಹಾರ್ಬುಡ್ತಾನೆ. ಹಗ್ಗ ಕೈಯಾಗೆ ಕೊಟ್ರೆ ಹಾರಲ್ಲ ಕಣಮ್ಮ’ ಅಂದರು. ಒಬ್ಬರ ಹಿಂದೆ ಒಬ್ಬರು ಇಳಿದು ಇಡೀ ಮನೆಯೇ ಖಾಲಿಯಾದ ಕತೆಗಳನ್ನು ನಾವೆಲ್ಲ ಕೇಳಿದವರೇ. ದಡದ ಮೇಲೆ ನಿಂತವನ ಎದೆಯಲ್ಲಿ ಏನಾಗುತ್ತಿರುತ್ತದೆ ಎಂಬುದನ್ನು ಭಾವ ಬಲ್ಲವರಾಗಿದ್ದರು. ಅವನ ಕೈಗೆ ಒಂದು ಕೆಲಸ ಕೊಟ್ಟು ಅವನನ್ನು ಮೊದಲು ಉಳಿಸುತ್ತಿದ್ದರು.

ಪ್ರತಿ ಏಪ್ರಿಲ್‌ನಲ್ಲಿ ಠಾಣೆಯಲ್ಲಿ, ಕರ್ತವ್ಯದಲ್ಲಿ ಜೀವ ಬಿಟ್ಟವರನ್ನು ನೆನೆಯುವ ದಿನ ಇರುತ್ತದೆ. ಎಷ್ಟೋ ವರ್ಷಗಳ ಹಿಂದೆ ಮುಂಬೈ ಬಂದರಿನಲ್ಲಿ ಹಡಗಿನ ಬೆಂಕಿ ಆರಿಸಲು ಹೋಗಿ ತೀರಿಕೊಂಡವರಿಂದ ಶುರುವಾದ ಆಚರಣೆ ಅದು. ಆ ದಿನ ಭಾವ ಬಟ್ಟೆಗೆ ತಾವೇ ಇಸ್ತ್ರಿ ಹಾಕಿಕೊಳ್ಳುತ್ತಿದ್ದರು, ತಮಾಷೆ ಮಾಡುತ್ತಿರಲಿಲ್ಲ. ನಾನು ಒಮ್ಮೆ ಕೆಣಕಲೆಂದು, ‘ಅವ್ರನ್ನೆಲ್ಲಾ ನೀವೇನ್ ನೋಡಿದ್ರಾ ಭಾವ?’ ಅಂದೆ. ‘ನೋಡ್ಬೇಕಾ? ಬೆಲ್ ಹೊಡೀತು, ಹೋದ್ರು. ನಮ್ಮೋರೇ ಅಲ್ವಾ’ ಅಂದರು.

ಒಂದು ವರ್ಷ ನಮ್ಮ ಕಡೆ ಎಂದೂ ಕಾಣದಷ್ಟು ಮಳೆಯಾಗಿತ್ತು. ಕೆರೆಗಳು ಕೋಡಿ ಬಿದ್ದವು. ಬತ್ತಿ, ಕಸ ತುಂಬಿ, ಜನ ಮರೆತೇಬಿಟ್ಟಿದ್ದ ಬಾವಿಗಳಲ್ಲಿ ನೀರು ಬಂತು. ಮಿಡಿಗೇಶಿಯಿಂದ ಒಳಗೆ ಹೋದರೆ ಸಿಗುವ ಒಂದು ಸಣ್ಣ ಹಳ್ಳಿಯಲ್ಲಿ ಅಂಥದೊಂದು ಬಾವಿ. ಸಿಹಿನೀರಿನ ಬಾವಿ, ಅಲ್ಲಿಯವರ ಬಾಯಲ್ಲಿ ಸೀನೀರ ಬಾವಿ. ಹಿಂದೆ ಇಡೀ ಹಳ್ಳಿ ಅದನ್ನೇ ಕುಡಿಯುತ್ತಿತ್ತು. ಆಮೇಲೆ ಬಂದದ್ದು ಕೊಳವೆಬಾವಿಯ ಗಡಸು ನೀರು. ಆ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುವುದನ್ನು ನಾನು ನನ್ನ ಕೆಲಸದಲ್ಲಿ ದಿನವೂ ನೋಡುತ್ತೇನೆ. ಬಾವಿಗೆ ಮತ್ತೆ ನೀರು ಬಂದದ್ದು ಆ ಹಳ್ಳಿಗೆ ಎಂಥ ಸಂಗತಿಯಾಗಿತ್ತು ಎಂದು ಹೇಳಲು ಇದನ್ನು ಬರೆದೆ.

ಬಾವಿ ಇದ್ದದ್ದು ಸೇವಂತಿಗೆ ಬೆಳೆಯುವ ಇಬ್ಬರು ಅಣ್ಣತಮ್ಮಂದಿರ ಹೊಲದಲ್ಲಿ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಹೂಳು ತೆಗೆದು ಬಾವಿಯನ್ನು ಊರಿಗೆ ಬಿಡೋಣವೆಂದು ಅವರು ಹೊರಟರು. ಹಗಲು ಹೊತ್ತು ಮೋಟಾರು ಓಡುವಷ್ಟು ಕರೆಂಟು ಬರುವುದಿಲ್ಲ. ಹಾಗಾಗಿ ಡೀಸೆಲ್ ಎಂಜಿನ್ನನ್ನೇ ಬಾವಿಯೊಳಗಿನ ಕಲ್ಲಿನ ಮೆಟ್ಟಿಲ ಮೇಲೆ ಇಳಿಸಿ ನೀರು ಎತ್ತಿದರು. ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಮಾಡುವುದೇ ಅದು. ಎಂಜಿನ್ನಿನ ಹೊಗೆ ಒಳಗೇ ಉಳಿಯಿತು. ನೀರು ಮುಗಿದ ಮೇಲೆ ಎಂಜಿನ್ ನಿಲ್ಲಿಸಿ ಕೆಸರು ತುಂಬಲು ಇಳಿದ ಅಣ್ಣ ಕುಸಿದು ಬಿದ್ದ.

ಮುಂದಿನದನ್ನು ನನಗೆ ಹೇಳಿದವರು ಗಾಡಿ ಓಡಿಸುತ್ತಿದ್ದ ಡ್ರೈವರಣ್ಣ. ಠಾಣೆಯವರು ಹೋದಾಗ, ಹಾರಲು ಹೊರಟಿದ್ದ ತಮ್ಮನನ್ನು ಊರವರು ಸೊಂಟಕ್ಕೆ ಕೈ ಹಾಕಿ ಹಿಡಿದುಕೊಂಡಿದ್ದರಂತೆ. ಭಾವ ಅವನ ಬಳಿ ಹೋಗಿ, ಬೇವಿನ ಕಂತೆ ಕಟ್ಟಿದ ಹಗ್ಗವನ್ನು ಅವನ ಕೈಗೆ ಸುತ್ತಿ, ‘ಆಡಿಸ್ತಾ ಇರು. ನಾನು ಹೇಳೋಗಂಟ ನಿಲ್ಲಿಸ್ಬೇಡ’ ಅಂದರಂತೆ. ಮಾಸ್ಕ್ ಹಾಕಿಕೊಂಡು ಇಳಿದರು. ಅಣ್ಣನನ್ನು ಹಗ್ಗದ ಕುಣಿಕೆಯಲ್ಲಿ ಕೂರಿಸಿ, ಎಳೆಯಿರಿ ಎಂದು ಸನ್ನೆ ಮಾಡಿದರು. ಅವನು ದಡ ಮುಟ್ಟಿದ, ಉಸಿರಿತ್ತು. ಜನರೆಲ್ಲ ಅವನ ಸುತ್ತ ಸೇರಿದರು. ಅದೇ ಹೊತ್ತಿಗೆ ಬಾವಿಯ ಒಂದು ಪಕ್ಕದ ಹಳೆಯ ಕಲ್ಲಿನ ಗೋಡೆ, ಎಷ್ಟೋ ವರ್ಷ ಒಣಗಿ ಒಂದೇ ವರ್ಷ ನೆನೆದದ್ದು, ಒಳಗಿದ್ದ ಭಾವನ ಮೇಲೆ ಸದ್ದಿಲ್ಲದೆ ಜಾರಿತು...

ಡ್ರೈವರಣ್ಣ ಮತ್ತೆ ಹೇಳಿದ್ದು ಒಂದೇ ವಿಷಯ. ಭಾವನನ್ನು ಮೇಲೆ ತಂದು ಮಲಗಿಸಿದ ಮೇಲೂ ಆ ತಮ್ಮ ಬೇವಿನ ಕಂತೆಯನ್ನು ಆಡಿಸುತ್ತಲೇ ಇದ್ದನಂತೆ. ನಿಲ್ಲಿಸು ಎಂದು ಹೇಳಬೇಕಾದವರು ಹೇಳಲಿಲ್ಲವಲ್ಲ. ಕೊನೆಗೆ ಡ್ರೈವರಣ್ಣನೇ ಅವನ ಕೈಯಿಂದ ಹಗ್ಗ ಬಿಡಿಸಿದರಂತೆ.

ಭಾವನನ್ನು ಅವರು ದಿನವೂ ತೊಳೆದು ಒರೆಸುತ್ತಿದ್ದ ಕೆಂಪು ಗಾಡಿಯ ಮೇಲೆಯೇ ಪಾವಗಡದ ಹಳ್ಳಿಗೆ ಕರೆದೊಯ್ದರು. ಮಿಡಿಗೇಶಿ ದಾಟಿದ ಮೇಲೆ ಬಾವಿಯ ಹಳ್ಳಿಗೆ ತಿರುಗುವ ಕ್ರಾಸಿನಲ್ಲಿ ಜನ ನಿಂತಿದ್ದರು. ಹೆಂಗಸರು, ಮಕ್ಕಳು, ಎಲ್ಲರ ಮಡಿಲಲ್ಲೂ ಸೇವಂತಿಗೆ. ಅಣ್ಣತಮ್ಮಂದಿರ ತಾಯಿ, ಬೆನ್ನು ಬಾಗಿದ ಅಜ್ಜಿ, ಗಾಡಿಯ ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಂಡರು. ಭಾವನ ಹಳ್ಳಿಯಲ್ಲಿ ಪೊಲೀಸರು ಗಾಳಿಯಲ್ಲಿ ಗುಂಡು ಹಾರಿಸಿ ಗೌರವ ಸಲ್ಲಿಸಿದರು. ಅಕ್ಕನ ಕೈಗೆ ಮಡಚಿದ ಬಾವುಟ, ಅದರ ಮೇಲೆ ಟೋಪಿ ಕೊಟ್ಟರು. ಎಂಟನೇ ತರಗತಿಯಲ್ಲಿದ್ದ ಅವರ ಮಗಳು ಸೆಟೆದು ನಿಂತು ಸೆಲ್ಯೂಟ್ ಮಾಡಿದಳು, ಅದನ್ನು ಅವಳಿಗೆ ಹೇಳಿಕೊಟ್ಟದ್ದೂ ಭಾವನೇ. ದೊಡ್ಡವರು ಬಂದು ಒಳ್ಳೆಯ ಮಾತುಗಳನ್ನಾಡಿದರು. ಮನಸ್ಸಿನಿಂದಲೇ ಆಡಿದರು. ಅಕ್ಕ ಅತ್ತಿರಲಿಲ್ಲ.

ತಿಥಿ ಮುಗಿದು ಸ್ವಲ್ಪ ದಿನವಾಗಿತ್ತು. ಆ ಅಣ್ಣತಮ್ಮಂದಿರು ಮಧುಗಿರಿಯ ಮನೆಗೆ ಬಂದರು. ಒಳಗೆ ಬರಲು ಒಪ್ಪದೆ ಬಾಗಿಲಲ್ಲೇ ನಿಂತರು. ಬಾವಿ ಮುಚ್ಚಿಸುತ್ತೇವೆ, ಮೇಲೆ ಕಟ್ಟೆ ಕಟ್ಟಿ ಭಾವನ ಫೋಟೊ ಇಟ್ಟು ವರ್ಷಕ್ಕೊಮ್ಮೆ ಪೂಜೆ ಮಾಡುತ್ತೇವೆ, ಮುಚ್ಚುವ ದಿನ ಅಕ್ಕ ಬರಬೇಕು ಎಂದು ಕೇಳಿದರು. ಪಂಚಾಯಿತಿಯವರು ಬಿದ್ದ ಕಲ್ಲುಗಳನ್ನು ತೆಗೆಸಿ, ನೀರು ಬರಿದು ಮಾಡಿಸಿ, ಬ್ಲೀಚಿಂಗ್ ಪುಡಿ ಹಾಕಿಸಿದ್ದರು. ಹೊಸ ನೀರು ತಿಳಿಯಾಗಿ ಬಂದಿತ್ತು. ಆದರೆ ಜೀವ ಹೋದ ಬಾವಿಯ ನೀರನ್ನು ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ. ಅದು ಬರೀ ಮೈಲಿಗೆಯ ಮಾತೂ ಆಗಿರಲಿಲ್ಲ. ಅವರಿಗೆ ಭಾವನ ಮೇಲಿದ್ದ ಗೌರವವೇ ಆ ನೀರು ಕುಡಿಯಲು ಬಿಡುತ್ತಿರಲಿಲ್ಲ.

ಅಕ್ಕ ಎದ್ದು ಹೊಸ್ತಿಲಿಗೆ ಬಂದಳು. ಆಮೇಲೆ, ‘ನಾನು ಬರೋಗಂಟ ಒಂದು ಬುಟ್ಟಿ ಮಣ್ಣೂ ಹಾಕ್ಬ್ಯಾಡ್ರಿ’ ಅಂದಳು.

ಗಂಡ ಸತ್ತ ಹೆಂಗಸು ಇಷ್ಟು ಬೇಗ ಹೊರಗೆ ಹೋಗುವುದು, ಅದೂ ಆ ಜಾಗಕ್ಕೆ, ನಮ್ಮ ತಾಯಿಗೆ ಸರಿಬರಲಿಲ್ಲ. ಅಕ್ಕ ಸೀರೆ ಉಟ್ಟು ಚಪ್ಪಲಿ ಮೆಟ್ಟಿ ನಿಂತಿದ್ದಳು. ನಾನು ಜೊತೆಗೆ ಹೊರಟೆ. ಬಸ್ಸಿನಲ್ಲಿ ಮಿಡಿಗೇಶಿಯವರೆಗೆ ಅವಳು ಕಿಟಕಿಯ ಕಡೆಯೇ ನೋಡುತ್ತಿದ್ದಳು.

ಬಾವಿಯ ಪಕ್ಕದಲ್ಲಿ ಟ್ರ್ಯಾಕ್ಟರು ಮಣ್ಣು ತುಂಬಿಕೊಂಡು ನಿಂತಿತ್ತು. ಒಂದು ಕುರ್ಚಿಯ ಮೇಲೆ ಭಾವನ ಫೋಟೊ ಇಟ್ಟು ಹೂವಿನ ಹಾರ ಹಾಕಿದ್ದರು. ಊರೆಲ್ಲ ಸೇರಿತ್ತು. ಅಕ್ಕ ಫೋಟೊದ ಕಡೆ ಹೋಗಲಿಲ್ಲ. ಬಾವಿಯ ದಡಕ್ಕೆ ಹೋಗಿ ಬಗ್ಗಿ ನೋಡಿದಳು. ನಾನು ಅವಳ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅವಳು ತಿರುಗಿ, ಒಂದು ಹಗ್ಗ, ಒಂದು ಬಿಂದಿಗೆ ಕೊಡಿ ಎಂದು ಕೇಳಿದಳು. ಯಾರೂ ಕದಲಲಿಲ್ಲ.

ಅಜ್ಜಿ ಮುಂದೆ ಬಂದು ಅಕ್ಕನ ಕೈ ಹಿಡಿದುಕೊಂಡರು. ‘ಪುಣ್ಯಾತ್ಮನ ಉಸ್ರು ನಿಂತ ಜಾಗ ಕಣವ್ವ. ಆ ನೀರು ನಮ್ಮ ಗಂಟ್ಲಲ್ಲಿ ಹೆಂಗವ್ವ ಇಳೀತದೆ?’

‘ನಮ್ಮನೆಯೋರು ಸಾಯಕ್ಕೆ ಇಳೀಲಿಲ್ಲ ಅಜ್ಜಿ’ ಅಂದಳು ಅಕ್ಕ. ದನಿ ಏರಿರಲಿಲ್ಲ. ‘ನಿಮ್ ಮಗನ್ನ ಎತ್ತಕ್ಕೆ ಇಳಿದ್ರು. ನಿಮ್ ಮಗ ಊರಿಗೆ ನೀರು ಕೊಡಕ್ಕೆ ಇಳಿದ. ಈಗ ಮಣ್ಣು ಹಾಕಿದ್ರೆ ಇಬ್ರು ಇಳಿದಿದ್ದೂ ದಂಡ ಆಯ್ತದೆ.’

ಹಗ್ಗ, ಬಿಂದಿಗೆ ತಂದವನು ತಮ್ಮ. ಹಳೆಯ ರಾಟೆ ಇನ್ನೂ ಇತ್ತು. ಅಕ್ಕ ಸೇದಿದಳು. ಕೈ ಹಾಕಲು ಹೋದ ನನ್ನನ್ನು ‘ಬುಡು’ ಎಂದು ಸರಿಸಿದಳು. ಬಿಂದಿಗೆ ಮೇಲೆ ಬಂತು. ಅವಳು ಅದನ್ನು ದಡದ ಮೇಲಿಟ್ಟು, ಬೊಗಸೆಯಲ್ಲಿ ತುಂಬಿಕೊಂಡು ಕುಡಿದಳು. ಆಮೇಲೆ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು ಸುಮ್ಮನೆ ನಿಂತಳು. ಯಾರನ್ನೂ ಕರೆಯಲಿಲ್ಲ. ಗಂಡನನ್ನು ಕಳೆದುಕೊಂಡವಳ ಕೈಯಿಂದ, ಗಂಡನ ಜೀವ ಹೋದ ಬಾವಿಯ ನೀರು... ಎಲ್ಲರೂ ನೆಲ ನೋಡುತ್ತಿದ್ದರು. ಅವಳು ಹಾಗೆಯೇ ಹಿಂತಿರುಗಬೇಕಾಗುತ್ತದೋ ಎಂದು ನನಗೆ ಭಯವಾಯಿತು.

ಮೊದಲು ಬಂದವರು ಅಜ್ಜಿ. ಅಕ್ಕನ ಮುಂದೆ ಮಂಡಿಯೂರಿ ಕುಳಿತು ಎರಡೂ ಕೈ ಸೇರಿಸಿ ಬೊಗಸೆ ಒಡ್ಡಿದರು. ಅಕ್ಕ ಬಿಂದಿಗೆ ಬಾಗಿಸಿದಳು. ಅಜ್ಜಿ ಕಣ್ಣು ಮುಚ್ಚಿ ಕುಡಿದರು. ಸೆರಗಿನಿಂದ ಮುಖ ಒರೆಸಿಕೊಂಡು, ‘ಇನ್ನೊಂದ್ಕಿತ ಹಾಕವ್ವ’ ಅಂದರು.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಮಕ್ಕಳು ಎರಡೆರಡು ಸಲ ಬಂದವು. ತಮ್ಮ ಬಿಂದಿಗೆ ಖಾಲಿಯಾದ ಹಾಗೆಲ್ಲ ಸೇದಿ ತುಂಬಿಸಿಕೊಟ್ಟ. ಅಣ್ಣ ಮಾತ್ರ ಟ್ರ್ಯಾಕ್ಟರಿನ ಹಿಂದೆ ಮುಖ ಮರೆಸಿಕೊಂಡು ನಿಂತಿದ್ದ. ಕೊನೆಗೆ ಅಕ್ಕನೇ ಅವನ ಬಳಿ ಹೋಗಿ ಬಿಂದಿಗೆ ಬಾಗಿಸಿದಳು. ಅವನು ಕುಡಿದನೋ ಅತ್ತನೋ ಹೇಳಲು ಬರುವಂತಿರಲಿಲ್ಲ. ಟ್ರ್ಯಾಕ್ಟರಿನ ಮಣ್ಣನ್ನು ಬಾವಿಯ ದಾರಿಯ ಗುಂಡಿಗಳಿಗೆ ಸುರಿಸಿದರು.

ವಾಪಸು ಬಸ್ಸಿನಲ್ಲಿ ಜಾಗ ಸಿಕ್ಕಿ ಕುಳಿತ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. ‘ನೀರು ಸೀ ಐತೆ ಕಣೇ. ಮನೆಗೋಗಿ ಅವ್ರಿಗೆ ಹೇಳ್ಬೇಕು ಅನ್ಕೊಂಡೆ’ ಅಂದಳು. ಅಂದ ಮೇಲೆ ಅವಳಿಗೆ ತಿಳಿಯಿತು. ಮಧುಗಿರಿ ಬರುವವರೆಗೂ ಅತ್ತಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ನಾನು ಅವಳನ್ನು ತಡೆಯಲಿಲ್ಲ.

ಈಗ ಆ ಬಾವಿಗೆ ಹೊಸ ಗೋಡೆ ಕಟ್ಟಿದ್ದಾರೆ, ಮೇಲೆ ಕಬ್ಬಿಣದ ಜಾಲರಿ ಇದೆ. ಊರು ಅದನ್ನೇ ಕುಡಿಯುತ್ತಿದೆ. ಕಟ್ಟೆಯನ್ನೂ ಕಟ್ಟಿದ್ದಾರೆ, ಬಾವಿಯ ಮೇಲಲ್ಲ, ಪಕ್ಕದಲ್ಲಿ. ಹೆಂಗಸರು ಬಿಂದಿಗೆ ಇಳಿಸಿ ದಣಿವಾರಿಸಿಕೊಳ್ಳಲು ಅದರ ಮೇಲೆ ಕೂರುತ್ತಾರೆ. ಏಪ್ರಿಲ್‌ನಲ್ಲಿ ಠಾಣೆಯವರು ಮುಂಬೈಯವರ ಜೊತೆಗೆ ಭಾವನನ್ನೂ ನೆನೆಯುತ್ತಾರೆ. ಹೊಸದಾಗಿ ಸೇರಿದ ಹುಡುಗರು ಅವರನ್ನು ನೋಡಿಯೇ ಇಲ್ಲ, ಆದರೂ ಎದೆ ಸೆಟೆಸಿ ನಿಲ್ಲುತ್ತಾರೆ.

ಅಕ್ಕನಿಗೆ ಅನುಕಂಪದ ಆಧಾರದ ಮೇಲೆ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿದೆ. ಭಾವ ಇದ್ದಾಗ, ತಾವು ಹೊರಗೆ ಕಂಡದ್ದನ್ನು ಮನೆಯಲ್ಲಿ ಹೇಳುತ್ತಿರಲಿಲ್ಲವಂತೆ. ಎಂಥ ಬೆಂಕಿಯಿಂದ ಬಂದರೂ ಕೈಕಾಲು ತೊಳೆದು ಕುಳಿತು, ಇವತ್ತು ಏನೇನಾಯಿತು ಹೇಳು ಎಂದು ಅವಳನ್ನೇ ಕೇಳುತ್ತಿದ್ದರಂತೆ. ಹಾಲಿನವಳು ಏನಂದಳು, ಎದುರು ಮನೆಯ ಬೆಕ್ಕು ಎಲ್ಲಿ ಮರಿ ಹಾಕಿತು, ಎಲ್ಲವೂ ಅವರಿಗೆ ಬೇಕಿತ್ತಂತೆ. ಇದನ್ನು ಅಕ್ಕ ನನಗೆ ಹೇಳಿದ್ದು ಅವರು ಹೋದ ಎಷ್ಟೋ ದಿನದ ಮೇಲೆ. ಈಗ ಸಂಜೆ ಕೆಲಸದಿಂದ ಬಂದವಳು ನನ್ನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೂರುತ್ತಾಳೆ, ಆ ದಿನದ ಸುದ್ದಿ ಹೇಳುತ್ತಾಳೆ. ನಾನು ಕೇಳುತ್ತೇನೆ. ಒಂದೊಂದು ಸಲ ಅವಳು ಮಾತಿನ ನಡುವೆ ತಡೆದು, ಯಾರೋ ಏನೋ ಅನ್ನುತ್ತಾರೆಂಬಂತೆ ಕಾಯುತ್ತಾಳೆ. ಅಲ್ಲಿ ಭಾವ ಒಂದು ತಮಾಷೆಯ ಮಾತು ಅನ್ನುತ್ತಿದ್ದಿರಬೇಕು. ಅದು ನನಗೆ ಬರುವುದಿಲ್ಲ. ಅವಳು ಸ್ವಲ್ಪ ಹೊತ್ತು ಕಾದು, ಮುಂದಕ್ಕೆ ಹೇಳುತ್ತಾಳೆ.